ಓಡುವಾಗ ವೇಗದ ಮುಳ್ಳು ಸೊನ್ನೆಗೆ ಬೀಳುತ್ತದೆ, ಶನಿವಾರ ಬೆಳಿಗ್ಗೆ ಕಾರು ಚಾಲೂ ಆಗುವುದಿಲ್ಲ: ಬಂದು ಹೋಗುವ ಈ ವಿದ್ಯುತ್ ದೋಷವನ್ನು ಹಿಡಿಯುವುದು ಹೇಗೆ?

ಎರಿಹೊಲ, ವಿಜಯಪುರ — ಪ್ರಶ್ನೆ

ಎಲ್ಲರಿಗೂ ಶರಣು.

ನನ್ನ ಬಳಿ 2019ರಲ್ಲಿ ಕೊಂಡ ಡೀಸೆಲ್ ಕಾರು ಇದೆ. ಇದುವರೆಗೆ 84,000 ಕಿಲೋಮೀಟರ್ ಓಡಿದೆ. ನಾನು ವಿಜಯಪುರದಲ್ಲಿ ನೌಕರಿಯಲ್ಲಿದ್ದೇನೆ. ತಂದೆ-ತಾಯಿ ಬೀಳಗಿ ತಾಲ್ಲೂಕಿನ ನಮ್ಮ ಊರಿನಲ್ಲಿದ್ದಾರೆ. ಹೀಗಾಗಿ ಕಾರು ವಾರದ ಐದು ದಿನ ಮನೆಯ ಮುಂದೆ ನಿಂತೇ ಇರುತ್ತದೆ, ಶನಿವಾರ ಬೆಳಿಗ್ಗೆ ಕೊಲ್ಹಾರದ ಸೇತುವೆ ದಾಟಿ ಊರಿಗೆ ಹೋಗುತ್ತದೆ, ರವಿವಾರ ರಾತ್ರಿ ಮರಳುತ್ತದೆ.

ತೊಂದರೆ ಶುರುವಾದದ್ದು ಫೆಬ್ರುವರಿಯಲ್ಲಿ. ಗಂಟೆಗೆ 60-70 ಕಿಲೋಮೀಟರ್ ವೇಗದಲ್ಲಿ ಹೋಗುತ್ತಿರುವಾಗ ವೇಗದ ಮುಳ್ಳು ಒಮ್ಮೆಲೇ ಸೊನ್ನೆಗೆ ಬೀಳುತ್ತದೆ, ಎಬಿಎಸ್ (ಜೋರಾಗಿ ಬ್ರೇಕ್ ತುಳಿದಾಗ ಚಕ್ರ ಕಚ್ಚಿಕೊಳ್ಳದಂತೆ ತಡೆಯುವ ವ್ಯವಸ್ಥೆ) ದೀಪ ಮತ್ತು ಸ್ಟೀರಿಂಗ್ ದೀಪ ಒಟ್ಟಿಗೇ ಹೊತ್ತಿಕೊಳ್ಳುತ್ತವೆ, ಸ್ಟೀರಿಂಗ್ ಭಾರವಾಗುತ್ತದೆ. ಐದು-ಹತ್ತು ಸೆಕೆಂಡಿನಲ್ಲಿ ಮುಳ್ಳು ತಾನಾಗಿಯೇ ಮೇಲೇಳುತ್ತದೆ. ದೀಪಗಳು ಕೆಲವೊಮ್ಮೆ ಆರುತ್ತವೆ, ಕೆಲವೊಮ್ಮೆ ಕೀಲಿ ತೆಗೆದು ಮತ್ತೆ ಹಾಕುವವರೆಗೂ ಉರಿಯುತ್ತಲೇ ಇರುತ್ತವೆ. ಒಂದು ಪ್ರಯಾಣದಲ್ಲಿ ಹತ್ತು ಸಲ ಹೀಗಾದದ್ದುಂಟು, ಮೂರು ವಾರ ಒಮ್ಮೆಯೂ ಆಗದೆ ಇದ್ದದ್ದೂ ಉಂಟು. ಎಂಜಿನ್ ಮಾತ್ರ ಒಂದು ಸಲವೂ ನಿಂತಿಲ್ಲ.

ಇದರ ಜೊತೆಗೆ ಇನ್ನೊಂದು ತೊಂದರೆ ಇದೆ. ಶನಿವಾರ ಬೆಳಿಗ್ಗೆ ಕೀಲಿ ತಿರುವಿದರೆ ಸೆಲ್ಫ್ ಟಿಕ್ ಟಿಕ್ ಎಂದಷ್ಟೇ ಸದ್ದು ಮಾಡುತ್ತದೆ. ಪಕ್ಕದ ಮನೆಯವರ ಗಾಡಿಯಿಂದ ಕೇಬಲ್ ಹಚ್ಚಿದರೆ ಕೂಡಲೇ ಚಾಲೂ ಆಗುತ್ತದೆ.

ಸರ್ವಿಸ್ ಕೇಂದ್ರಕ್ಕೆ ಮೂರು ಸಲ ಹೋಗಿ ಬಂದಿದ್ದೇನೆ. ಮೊದಲ ಸಲ ಬ್ಯಾಟರಿ ಬದಲಿಸಿದರು. ಮೂರನೆಯ ವಾರಕ್ಕೇ ಮತ್ತೆ ಅದೇ ಟಿಕ್ ಟಿಕ್. ಎರಡನೆಯ ಸಲ ದಿನವಿಡೀ ಇಟ್ಟುಕೊಂಡು, ತಮ್ಮ ಕೈಯಲ್ಲಿದ್ದಾಗ ಯಾವ ದೋಷವೂ ಕಾಣಲಿಲ್ಲ ಎಂದು, ದೋಷ ಕಂಡಾಗ ಗಾಡಿಯ ಕಂಪ್ಯೂಟರುಗಳು ಬರೆದಿಟ್ಟುಕೊಳ್ಳುವ ಕೋಡ್‌ಗಳನ್ನು ಅಳಿಸಿ ಕೊಟ್ಟರು. ಈ ವಾರ ಎಬಿಎಸ್ ಘಟಕವನ್ನೇ ಬದಲಿಸಬೇಕು, 38,000 ರೂಪಾಯಿ ಆಗುತ್ತದೆ ಎಂದಿದ್ದಾರೆ. ಹಣ ಖರ್ಚು ಮಾಡಲು ನಾನು ಹಿಂಜರಿಯುತ್ತಿಲ್ಲ. ಆದರೆ ಕಳೆದ ತಿಂಗಳು ತಾಯಿಯನ್ನು ಕೂಡಿಸಿಕೊಂಡು ಸೇತುವೆಯ ಮೇಲೆ ಹೋಗುತ್ತಿರುವಾಗಲೇ ಸ್ಟೀರಿಂಗ್ ಭಾರವಾಯಿತು. ಅಷ್ಟು ಹಣ ಕೊಟ್ಟ ಮೇಲೆಯೂ ಹಾಗೆಯೇ ಆದರೆ ಆ ಗಾಡಿಯಲ್ಲಿ ಅವರನ್ನು ಕರೆದೊಯ್ಯುವ ಧೈರ್ಯ ನನಗೆ ಉಳಿಯುವುದಿಲ್ಲ. ನನ್ನ ಬಳಿ ಒಂದು ಸಾಮಾನ್ಯ ಡಿಜಿಟಲ್ ಮಲ್ಟಿಮೀಟರ್ ಇದೆ, ಓದಿ ತಿಳಿದು ಮಾಡುವ ತಾಳ್ಮೆಯೂ ಇದೆ. ಎಲ್ಲಿಂದ ಆರಂಭಿಸಬೇಕು?

ನವನಗರ ವಾಯರಿಂಗ್, ಬಾಗಲಕೋಟೆ

ಇಪ್ಪತ್ತೆರಡು ವರ್ಷಗಳಿಂದ ಗಾಡಿಗಳ ವಿದ್ಯುತ್ ಕೆಲಸವನ್ನೇ ಮಾಡಿಕೊಂಡು ಬಂದಿದ್ದೇನೆ. ಸದ್ಯಕ್ಕೆ ಎಬಿಎಸ್ ಘಟಕಕ್ಕೆ ಹಣ ಕೊಡಬೇಡಿ. ಅದು ಕೆಟ್ಟಿರಲಿಕ್ಕಿಲ್ಲ ಎಂದು ಇಲ್ಲಿ ಕುಳಿತು ನಾನು ಹೇಳಲಾರೆ. ಆದರೆ ಅದು ಕೆಟ್ಟಿದೆ ಎಂಬುದಕ್ಕೆ ನೀವು ಬರೆದದ್ದರಲ್ಲಿ ಒಂದೂ ಆಧಾರ ಇಲ್ಲ.

ಮೊದಲು ಎರಡೂ ತೊಂದರೆಗಳನ್ನು ಬೇರೆ ಬೇರೆ ಮಾಡಿರಿ. ಓಡುವಾಗ ಆಗುವುದು ಒಂದು, ನಿಂತಾಗ ಬ್ಯಾಟರಿ ಇಳಿಯುವುದು ಇನ್ನೊಂದು. ಒಂದೇ ಗಾಡಿಯಲ್ಲಿ ಒಟ್ಟಿಗೆ ಕಾಣಿಸಿಕೊಂಡವು ಎಂಬ ಮಾತ್ರಕ್ಕೆ ಎರಡಕ್ಕೂ ಒಂದೇ ಮೂಲ ಹುಡುಕಲು ಹೋದವರು ತಿಂಗಳುಗಟ್ಟಲೆ ಅಲೆದದ್ದನ್ನು ನೋಡಿದ್ದೇನೆ.

ಬಂದು ಹೋಗುವ ದೋಷವನ್ನು ಹಿಡಿಯಲು ಮೊದಲ ಉಪಕರಣ ಮೀಟರ್ ಅಲ್ಲ, ನೋಟ್‌ಬುಕ್. ಪ್ರತಿ ಸಲ ಆದಾಗ, ಗಾಡಿ ನಿಲ್ಲಿಸಿದ ಮೇಲೆ, ಹೊತ್ತು ಎಷ್ಟು, ಬಿಸಿಲು ಹೇಗಿತ್ತು, ಎಸಿ ಹಾಕಿದ್ದಿರೋ ಇಲ್ಲವೋ, ರೇಡಿಯೇಟರ್ ಫ್ಯಾನ್ ತಿರುಗುತ್ತಿತ್ತೋ, ರಸ್ತೆ ಉಬ್ಬಿನ ಮೇಲೆ ಆಯಿತೋ ಸಪಾಟಾದ ರಸ್ತೆಯಲ್ಲೋ, ಬ್ರೇಕ್ ತುಳಿದಿದ್ದಿರೋ, ಎಡಕ್ಕೆ ಹೊರಳುತ್ತಿದ್ದಿರೋ ಬಲಕ್ಕೋ ಎಂಬುದನ್ನು ಬರೆದಿಡಿ. ಐದಾರು ಸಲದ ಟಿಪ್ಪಣಿ ಕೈಯಲ್ಲಿದ್ದರೆ ಅರ್ಧ ವಾಯರಿಂಗ್ ನೋಡುವ ಅಗತ್ಯವೇ ಇರುವುದಿಲ್ಲ. ಬಿಸಿಯಲ್ಲಿ ಬರುವ ದೋಷ ಬೇರೆ, ಕುಲುಕಿದಾಗ ಬರುವ ದೋಷ ಬೇರೆ, ತೇವಕ್ಕೆ ಬರುವ ದೋಷ ಬೇರೆ. ವಿಜಯಪುರದ ಬೇಸಿಗೆಯಲ್ಲಿ ಹುಟ್ಟಿದ ತೊಂದರೆಗೆ ನೀರು ಹೊಕ್ಕ ಕನೆಕ್ಟರ್ ಕಾರಣವಾಗುವುದು ಅಪರೂಪ.

ಇನ್ನೊಂದು ಪ್ರಶ್ನೆಗೆ ನೆನಪಿಟ್ಟು ಉತ್ತರ ಕೊಡಿ. ಫೆಬ್ರುವರಿಗಿಂತ ಮೊದಲು ಈ ಗಾಡಿಗೆ ಯಾರು ಯಾರು ಕೈ ಹಚ್ಚಿದ್ದಾರೆ? ಟಿಂಕರಿಂಗ್, ಪೇಂಟ್, ಸ್ಟೀರಿಯೊ, ಕ್ಯಾಮರಾ, ಹಾರ್ನ್, ಹೆಡ್‌ಲೈಟ್ ಬಲ್ಬ್, ಏನೇ ಆಗಿರಲಿ. ಕಾರ್ಖಾನೆಯಲ್ಲಿ ಜೋಡಿಸಿದ ವಾಯರಿಂಗ್ ತಾನಾಗಿ ಕೆಡುವುದು ಕಡಿಮೆ. ಮನುಷ್ಯರು ಬಿಚ್ಚಿ ಕಟ್ಟಿದ ಜಾಗದಲ್ಲಿಯೇ ಅದು ಹೆಚ್ಚಾಗಿ ಕೆಡುತ್ತದೆ.

ಈಗ ಅಳತೆಯ ಮಾತು. ರಾತ್ರಿಯಿಡೀ ನಿಂತ ಗಾಡಿಯ ಬ್ಯಾಟರಿ 12.6 ವೋಲ್ಟ್ ತೋರಿಸಿದರೆ ತುಂಬಿದೆ ಎಂದರ್ಥ; 12.2 ತೋರಿಸಿದರೆ ಅರ್ಧ ಖಾಲಿಯಾಗಿದೆ. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಇಳಿಯಬಾರದು. ಎಂಜಿನ್ ಓಡುವಾಗ ಸಾಮಾನ್ಯವಾಗಿ 13.8ರಿಂದ 14.7ರವರೆಗೆ ಇರಬೇಕು. ಆದರೆ ಇತ್ತೀಚಿನ ಕೆಲವು ಗಾಡಿಗಳಲ್ಲಿ ಇಂಧನ ಉಳಿಸಲೆಂದು ಎಂಜಿನ್ ಕಂಪ್ಯೂಟರೇ ಬ್ಯಾಟರಿಗೆ ಚಾರ್ಜ್ ಕೊಡುವ ಆಲ್ಟರ್ನೇಟರನ್ನು ತಗ್ಗಿಸುತ್ತದೆ, ಆಗ 12.8 ಕಂಡರೂ ಅದನ್ನು ದೋಷ ಎಂದು ತಿಳಿಯಬೇಡಿ.

ಮುಖ್ಯವಾದ ಪರೀಕ್ಷೆ, ವಿದ್ಯುತ್ ಗಾಡಿಯ ಲೋಹದ ಮೂಲಕ ಬ್ಯಾಟರಿಗೆ ಮರಳುವ ದಾರಿಯಾದ ಅರ್ಥಿಂಗ್‌ನದು, ಮತ್ತು ಇಲ್ಲಿಯೇ ಬಹಳ ಜನ ತಪ್ಪುತ್ತಾರೆ. ಬ್ಯಾಟರಿ ಬಿಚ್ಚಿ, ಮೀಟರನ್ನು ಓಮ್‌ಗೆ ಇಟ್ಟು, ತಂತಿಯ ಎರಡೂ ತುದಿಗೆ ಹಚ್ಚಿ, ಬೀಪ್ ಬಂತು, ತಂತಿ ಸರಿಯಿದೆ ಎಂದು ಮುಂದೆ ಹೋಗುತ್ತಾರೆ. ಓಮ್ ಅಳೆಯುವಾಗ ಮೀಟರ್ ಹರಿಸುವ ವಿದ್ಯುತ್ ಒಂದು ಮಿಲಿ ಆಂಪಿಯರ್ ಆಚೀಚೆ. ಬಾವಿಯ ಹಗ್ಗದಲ್ಲಿ ಒಂದೇ ಎಳೆ ಉಳಿದಿದ್ದರೂ ಅದು ಖಾಲಿ ಚರಿಗೆಯನ್ನು ಎತ್ತುತ್ತದೆ, ತುಂಬಿದ ಕೊಡ ಕಟ್ಟಿದಾಗ ಹರಿಯುತ್ತದೆ. ಆದ್ದರಿಂದ ತಂತಿಯನ್ನು ಭಾರ ಹೊರಿಸಿಯೇ ಅಳೆಯಬೇಕು. ಮೀಟರನ್ನು ಡಿಸಿ ವೋಲ್ಟ್‌ಗೆ ಇಟ್ಟು, ಕಪ್ಪು ಕಡ್ಡಿಯನ್ನು ಬ್ಯಾಟರಿಯ ಋಣ (ಮೈನಸ್) ಕಂಬದ ಮೇಲೆಯೇ ಹಿಡಿಯಿರಿ, ಕ್ಲ್ಯಾಂಪಿನ ಮೇಲೆ ಬೇಡ. ಕೆಂಪು ಕಡ್ಡಿಯನ್ನು ಒಂದೊಂದಾಗಿ ಎಂಜಿನ್ನಿನ ಲೋಹಕ್ಕೆ, ಬಾಡಿಯ ಲೋಹಕ್ಕೆ, ಪ್ರತಿ ಅರ್ಥಿಂಗ್ ಬೋಲ್ಟಿಗೆ ಹಾಗೂ ಆ ಬೋಲ್ಟಿಗೆ ಕಟ್ಟಿದ ತಂತಿಯ ಉಂಗುರಕ್ಕೆ ಹಚ್ಚಿರಿ. ಎಂಜಿನ್ ಓಡುತ್ತಿರಲಿ, ಎಸಿ, ಬ್ಲೋವರ್, ಹೆಡ್‌ಲೈಟ್, ಹಿಂಬದಿ ಗಾಜಿನ ಹೀಟರ್ ಎಲ್ಲವೂ ಹಾಕಿರಲಿ. ಒಳ್ಳೆಯ ಅರ್ಥಿಂಗ್ 0.1 ವೋಲ್ಟ್ ಒಳಗೆ ತೋರಿಸುತ್ತದೆ. 0.2 ದಾಟಿದರೆ ಅನುಮಾನಿಸಿರಿ. ಅರ್ಧ ವೋಲ್ಟ್ ದಾಟಿದರೆ ಬಿಚ್ಚಿರಿ.

ಫ್ಯಾನಿನ ಹತ್ತಿರ ಕೈ, ತೋಳು, ಮೀಟರಿನ ತಂತಿ ಹೋಗದಂತೆ ನೋಡಿಕೊಳ್ಳಿ. ಎಂಜಿನ್ ಆರಿಸಿದ ಮೇಲೆಯೂ ಅದು ತಾನಾಗಿ ತಿರುಗಬಹುದು. ಸ್ಟೀರಿಂಗ್ ಕೆಳಗೆ ಮತ್ತು ಸೀಟಿನ ಕೆಳಗೆ ಕಾಣುವ ಹಳದಿ ಕನೆಕ್ಟರ್‌ಗಳು ಏರ್‌ಬ್ಯಾಗಿನವು, ಅವುಗಳನ್ನು ಮುಟ್ಟಬೇಡಿ.

ಉದ್ಯಮಬಾಗ್, ಬೆಳಗಾವಿ

ಮೇಲಿನ ಉತ್ತರಕ್ಕೆ ನನ್ನ ಪೂರ್ಣ ಸಮ್ಮತಿ ಇದೆ. ಕೋಡ್ ಓದುವ ಬಗ್ಗೆ ಮಾತ್ರ ನಾನು ಸೇರಿಸುತ್ತೇನೆ, ಏಕೆಂದರೆ ನಿಮ್ಮ ಲಕ್ಷಣಗಳಲ್ಲಿಯೇ ಒಂದು ಸುಳಿವು ಇದೆ.

ಮೂರು ಸಂಗತಿಗಳು ಒಟ್ಟಿಗೆ ಆಗುತ್ತಿವೆ: ವೇಗದ ಮುಳ್ಳು, ಎಬಿಎಸ್ ದೀಪ, ಸ್ಟೀರಿಂಗ್. ಇವು ಮೂರು ದೋಷಗಳಂತೆ ಕಾಣುತ್ತವೆ. ಆದರೆ ಇಂದಿನ ಬಹುತೇಕ ಕಾರುಗಳಲ್ಲಿ ಚಕ್ರ ಎಷ್ಟು ವೇಗವಾಗಿ ತಿರುಗುತ್ತಿದೆ ಎಂಬುದನ್ನು ನೇರವಾಗಿ ಅಳೆಯುವುದು ಎಬಿಎಸ್ ಘಟಕ ಒಂದೇ. ಮುಳ್ಳಿಗೆ ವೇಗ ಹೇಳುವುದೂ ಅದೇ, ವೇಗಕ್ಕೆ ತಕ್ಕಂತೆ ಸ್ಟೀರಿಂಗ್ ಹಗುರ ಮಾಡಲೋ ಬಿಗಿ ಮಾಡಲೋ ಎಂದು ನಿರ್ಧರಿಸುವ ವಿದ್ಯುತ್ ಸ್ಟೀರಿಂಗಿಗೆ ವೇಗ ಹೇಳುವುದೂ ಅದೇ. ಎಬಿಎಸ್ ಘಟಕ ಐದು ಸೆಕೆಂಡು ಮಾತು ನಿಲ್ಲಿಸಿದರೆ ಮೂರೂ ಒಟ್ಟಿಗೇ ತಪ್ಪುತ್ತವೆ, ಎಂಜಿನ್ ಮಾತ್ರ ಓಡುತ್ತಲೇ ಇರುತ್ತದೆ. ನೀವು ಬರೆದದ್ದು ಅಕ್ಷರಶಃ ಇದೇ.

ಹಾಗಾದರೆ ಸರ್ವಿಸ್ ಕೇಂದ್ರದವರು ಹೇಳಿದ್ದು ಸರಿಯಲ್ಲವೇ ಎಂದು ನೀವು ಕೇಳಬಹುದು. ಮಾತು ನಿಲ್ಲಿಸಿದ್ದು ಎಬಿಎಸ್ ಎಂಬಲ್ಲಿಯವರೆಗೆ ಅವರು ಸರಿ. ಏಕೆ ನಿಲ್ಲಿಸಿತು ಎಂಬುದನ್ನು ಅವರು ಹುಡುಕಿಲ್ಲ.

ಈ ಘಟಕಗಳು ಒಂದರೊಡನೆ ಒಂದು ಮಾತನಾಡುವುದು ಕ್ಯಾನ್ ಎಂಬ ಜಾಲದ ಮೂಲಕ. ಜರ್ಮನಿಯ ಬಾಷ್ ಸಂಸ್ಥೆ ಇದನ್ನು 1986ರಲ್ಲಿ ಹೊರತಂದಿತು. ಒಂದಕ್ಕೊಂದು ಹೆಣೆದ ಎರಡು ತಂತಿ, ಎರಡೂ ತುದಿಗೆ 120 ಓಮ್‌ನ ಒಂದೊಂದು ರೆಸಿಸ್ಟರ್, ಅದರ ಮೇಲೆ ಎಂಜಿನ್, ಎಬಿಎಸ್, ಸ್ಟೀರಿಂಗ್, ಏರ್‌ಬ್ಯಾಗ್, ಮೀಟರ್ ಫಲಕ ಎಲ್ಲವೂ ಸಾಲಾಗಿ ಕೂತಿರುತ್ತವೆ. ಜಾಲವೇ ಕೆಟ್ಟಿದ್ದರೆ ಎಲ್ಲರ ಮಾತೂ ಎಲ್ಲರಿಗೂ ಕೇಳದಂತಾಗುತ್ತದೆ, ಡ್ಯಾಶ್‌ಬೋರ್ಡಿನ ದೀಪಗಳೆಲ್ಲ ಒಮ್ಮೆಗೇ ಹೊತ್ತುತ್ತವೆ. ನಿಮ್ಮಲ್ಲಿ ಹಾಗಾಗಿಲ್ಲ. ಆದರೂ ಪರೀಕ್ಷೆ ಸುಲಭವಿರುವುದರಿಂದ ಮಾಡಿಬಿಡಿ: ಬ್ಯಾಟರಿಯ ಋಣ ಕೇಬಲ್ ಬಿಚ್ಚಿ ಕೆಲವು ನಿಮಿಷ ಕಾದು, ಸ್ಟೀರಿಂಗ್ ಕೆಳಗಿನ 16 ಪಿನ್ನಿನ ಓಬಿಡಿ ಕನೆಕ್ಟರಿನಲ್ಲಿ (ಸ್ಕ್ಯಾನರ್ ಕೂಡಿಸುವ ಜಾಗ) 6 ಮತ್ತು 14ನೇ ಪಿನ್ನಿನ ನಡುವೆ ಓಮ್ ಅಳೆಯಿರಿ. 60ರ ಆಸುಪಾಸು ಬಂದರೆ ಜಾಲದ ಎರಡೂ ತುದಿ ಕೂಡಿಕೊಂಡಿವೆ. 120 ಬಂದರೆ ಎಲ್ಲೋ ಒಂದು ಕಡೆ ಕಡಿದಿದೆ. ಕೆಲವು ಮಾದರಿಗಳಲ್ಲಿ ಈ ಪಿನ್ನುಗಳ ಹಿಂದೆ, ಜಾಲಗಳ ನಡುವೆ ಸಂದೇಶ ದಾಟಿಸುವ ಒಂದು ಗೇಟ್‌ವೇ ಘಟಕ ಇರುತ್ತದೆ, ಅಂಥಲ್ಲಿ ಈ ಲೆಕ್ಕ ನೇರವಾಗಿ ಕೂಡುವುದಿಲ್ಲ.

ಇನ್ನು ಕೋಡ್. ಮೊಬೈಲಿಗೆ ಕೂಡಿಸುವ ಅಗ್ಗದ ಬ್ಲೂಟೂತ್ ಸಾಧನ ಹೆಚ್ಚಾಗಿ ಎಂಜಿನ್ನಿನ ಕೋಡ್‌ಗಳನ್ನಷ್ಟೇ ಓದುತ್ತದೆ. ಎಬಿಎಸ್ ಮತ್ತು ಸ್ಟೀರಿಂಗ್ ಘಟಕಗಳ ನೆನಪನ್ನು ಅದು ಮುಟ್ಟುವುದೇ ಇಲ್ಲ. ಎಲ್ಲ ಘಟಕಗಳನ್ನೂ ಓದುವ ಸ್ಕ್ಯಾನರ್ ಇರುವವರ ಬಳಿ ಹೋಗಿ, ಅಳಿಸುವ ಮೊದಲು ಪ್ರತಿ ಘಟಕದ ಹಳೆಯ ಕೋಡ್‌ಗಳನ್ನೂ ಬರೆದುಕೊಳ್ಳಿ. ಯು-0121 ಎಂದರೆ ಎಬಿಎಸ್ ಜೊತೆ ಸಂಪರ್ಕ ತಪ್ಪಿತು, ಯು-0131 ಎಂದರೆ ಸ್ಟೀರಿಂಗ್ ಜೊತೆ, ಯು-0100 ಎಂದರೆ ಎಂಜಿನ್ ಕಂಪ್ಯೂಟರ್ ಜೊತೆ. ಇಲ್ಲಿ ನೋಡಬೇಕಾದದ್ದು ಯಾವ ಕೋಡ್ ಇದೆ ಎಂಬುದಷ್ಟೇ ಅಲ್ಲ, ಅದು ಯಾರ ನೆನಪಿನಲ್ಲಿದೆ ಎಂಬುದು. ಎಂಜಿನ್, ಸ್ಟೀರಿಂಗ್, ಮೀಟರ್ ಫಲಕ ಈ ಮೂವರೂ ಎಬಿಎಸ್ ಕಾಣೆಯಾಗಿತ್ತು ಎಂದು ಬರೆದಿಟ್ಟು, ಎಬಿಎಸ್ ಮಾತ್ರ ಯಾರ ಮೇಲೂ ದೂರು ಹೇಳದೆ ವೋಲ್ಟೇಜ್ ಕಡಿಮೆಯಾಗಿತ್ತು ಎಂದಷ್ಟೇ ಬರೆದಿಟ್ಟಿದ್ದರೆ, ಅದು ಕೆಟ್ಟ ಘಟಕದ ಹೇಳಿಕೆ ಅಲ್ಲ, ಹಸಿದ ಘಟಕದ ಹೇಳಿಕೆ. ಅದಕ್ಕೆ ಬ್ಯಾಟರಿಯ ಧನ (ಪ್ಲಸ್) ತಂತಿಯೋ ಅರ್ಥಿಂಗೋ ಸರಿಯಾಗಿ ತಲುಪುತ್ತಿಲ್ಲ.

ಕೋಡ್‌ಗಳನ್ನು ಓದಿ ಬರೆದುಕೊಳ್ಳುವ ಮೊದಲೇ ಅಳಿಸಿದರೆ ಈ ಸಾಕ್ಷ್ಯವೆಲ್ಲ ಹೋಗುತ್ತದೆ. ನಿಮ್ಮ ಎರಡನೆಯ ಭೇಟಿಯಲ್ಲಿ ಆದ ನಷ್ಟ ಇದೇ, ಮತ್ತು ಇದನ್ನು ಓದುವಾಗ ನನಗೆ ನಿಜವಾಗಿಯೂ ಬೇಸರವಾಯಿತು.

ಕಬ್ಬಿನ ಗದ್ದೆ, ಮುಧೋಳ

ನಮ್ಮ ಗಾಡಿಯಲ್ಲೂ ಹೀಗೆಯೇ ದೀಪಗಳು ಬಂದು ಹೋಗುತ್ತಿದ್ದವು. ಕೊನೆಗೆ ಸಿಕ್ಕದ್ದು ಇಲಿ ಕಡಿದ ತಂತಿ. ಕಬ್ಬು ಕಟಾವಾದ ಮೇಲೆ ಹೊಲದ ಇಲಿಗಳು ಮನೆ ಹಿಡಿಯುತ್ತವೆ, ರಾತ್ರಿ ಬೆಚ್ಚಗಿರುವ ಎಂಜಿನ್ ಮೇಲೆ ಬಂದು ಕೂಡುತ್ತವೆ. ಐದು ದಿನ ನಿಂತೇ ಇರುವ ಗಾಡಿ ಎಂದರೆ ಅವುಗಳಿಗೆ ಮನೆ ಕಟ್ಟಿ ಕೊಟ್ಟಂತೆ. ಎಂಜಿನ್ ಮೇಲಿನ ಪ್ಲಾಸ್ಟಿಕ್ ಮುಚ್ಚಳ ತೆಗೆದು, ಬ್ಯಾಟರಿಯ ಕೆಳಗೆ ಮತ್ತು ವೈಪರ್ ಕೆಳಗಿನ ತೊಟ್ಟಿಯಲ್ಲಿ ಹಿಕ್ಕೆ, ಹುಲ್ಲು, ಬಟ್ಟೆಯ ಚೂರು ಇದೆಯೇ ನೋಡಿರಿ. ನಾನು ಎಲ್ಲ ಕನೆಕ್ಟರ್‌ಗಳನ್ನೂ ಒಂದು ಸಲ ಬಿಚ್ಚಿ ಸ್ಪ್ರೇ ಹೊಡೆದು ಕೂಡಿಸಿದ್ದೆ, ಅದರಿಂದಲೂ ಲಾಭವಾಯಿತು ಎಂದು ನನ್ನ ಅನಿಸಿಕೆ.

ನವನಗರ ವಾಯರಿಂಗ್, ಬಾಗಲಕೋಟೆ

ಇಲಿಯ ಮಾತು ಸರಿಯಾದದ್ದು, ನೋಡಲೇಬೇಕು. ಆದರೆ ಎಲ್ಲ ಕನೆಕ್ಟರ್‌ಗಳನ್ನು ಒಮ್ಮೆಗೇ ಬಿಚ್ಚಿ ಕೂಡಿಸುವುದನ್ನು ನಾನು ಒಪ್ಪುವುದಿಲ್ಲ. ಹಾಗೆ ಮಾಡಿದಾಗ ತೊಂದರೆ ಒಂದು ತಿಂಗಳು ಅಡಗಿ ಕೂಡುತ್ತದೆ, ಯಾವುದು ಕಾರಣ ಎಂಬುದು ತಿಳಿಯದೆ ಹೋಗುತ್ತದೆ, ಆಮೇಲೆ ಅದೇ ಮತ್ತೆ ತಲೆ ಎತ್ತುತ್ತದೆ. ಹಳೆಯ ಪ್ಲಾಸ್ಟಿಕ್ ಕೊಂಡಿಗಳು ಮುರಿಯುವ ಅಪಾಯ ಬೇರೆ. ಅನುಮಾನ ಇರುವ ಜಾಗದಲ್ಲಿ ಮಾತ್ರ ಕೈ ಹಾಕಿರಿ, ಮುಟ್ಟುವ ಮೊದಲು ಅಳೆಯಿರಿ, ಮುಟ್ಟಿದ ಮೇಲೆ ಮತ್ತೆ ಅಳೆಯಿರಿ. ತಂತಿಯ ಹೊದಿಕೆಗೆ ಸೂಜಿ ಚುಚ್ಚಿ ಅಳೆಯುವ ಪದ್ಧತಿಯೂ ಬೇಡ. ಆ ತೂತಿನಿಂದ ಮಳೆಗಾಲದಲ್ಲಿ ತೇವ ಹೊಕ್ಕು ತಾಮ್ರ ಹಸಿರುಗಟ್ಟುತ್ತದೆ, ಮುಂದಿನ ವರ್ಷದ ದೋಷವನ್ನು ಈ ವರ್ಷವೇ ಬಿತ್ತಿದಂತಾಗುತ್ತದೆ.

ಎರಿಹೊಲ, ವಿಜಯಪುರ

ಎಲ್ಲರಿಗೂ ಕೃತಜ್ಞತೆಗಳು. ಎರಡು ವಾರ ನೋಟ್‌ಬುಕ್ ಇಟ್ಟೆ. ಏಳು ಸಲ ಆಗಿದೆ. ಏಳೂ ಸಲ ಎಸಿ ಹಾಕಿತ್ತು. ಆರು ಸಲ ಮಧ್ಯಾಹ್ನ ಹನ್ನೆರಡರಿಂದ ನಾಲ್ಕರ ನಡುವೆ, ಐದು ಸಲ ಉಬ್ಬು ದಾಟಿದ ಕೂಡಲೇ ಅಥವಾ ಕಿತ್ತುಹೋದ ಡಾಂಬರಿನ ಮೇಲೆ. ಬೆಳಗಿನ ಜಾವ ಎಸಿ ಇಲ್ಲದೆ ಹೋದಾಗ ಅದೇ ಉಬ್ಬುಗಳ ಮೇಲೆ ಒಮ್ಮೆಯೂ ಆಗಲಿಲ್ಲ.

ಯಾರು ಕೈ ಹಚ್ಚಿದ್ದರು ಎಂಬ ಪ್ರಶ್ನೆಗೆ ಉತ್ತರ: ಕಳೆದ ನವೆಂಬರಿನಲ್ಲಿ ಕಬ್ಬಿನ ಟ್ರ್ಯಾಕ್ಟರಿನ ಟ್ರೇಲರ್ ಹಿಂದಕ್ಕೆ ಸರಿಯುವಾಗ ನಮ್ಮ ಕಾರಿನ ಮುಂದಿನ ಎಡಭಾಗಕ್ಕೆ ತಾಗಿತ್ತು. ಬಂಪರ್, ಎಡ ಹೆಡ್‌ಲೈಟ್ ಮತ್ತು ಅದರ ಹಿಂದಿನ ತಗಡನ್ನು ಸರಿಪಡಿಸಿ ಪೇಂಟ್ ಮಾಡಿಸಿದ್ದೆ. ಜನವರಿಯಲ್ಲಿ ಒಂದು ಅಂಗಡಿಯಲ್ಲಿ ದೊಡ್ಡ ಪರದೆಯ ಸ್ಟೀರಿಯೊ ಮತ್ತು ಹಿಂಬದಿಯ ಕ್ಯಾಮರಾ ಹಾಕಿಸಿದ್ದೆ. ಮೊದಲ ಪ್ರಶ್ನೆಯಲ್ಲಿ ಇವೆರಡನ್ನೂ ಬರೆಯಬೇಕೆಂದು ನನಗೆ ಹೊಳೆದಿರಲಿಲ್ಲ.

ಸ್ಕ್ಯಾನರ್ ಇರುವ ಒಬ್ಬರು ಎಲ್ಲ ಘಟಕಗಳನ್ನೂ ಓದಿ ಕೊಟ್ಟರು. ಎಂಜಿನ್, ಸ್ಟೀರಿಂಗ್, ಮೀಟರ್ ಫಲಕ ಮೂರರಲ್ಲಿಯೂ ಯು-0121 ಇದೆ. ಎಬಿಎಸ್ ಘಟಕದಲ್ಲಿ ಪೂರೈಕೆಯ ವೋಲ್ಟೇಜ್ ಕಡಿಮೆ ಎಂಬ ಒಂದೇ ಕೋಡ್. 6 ಮತ್ತು 14ನೇ ಪಿನ್ನಿನ ನಡುವೆ 61 ಓಮ್ ಬಂತು. ಇಲಿಯ ಗುರುತು ಎಲ್ಲಿಯೂ ಇಲ್ಲ.

ನವನಗರ ವಾಯರಿಂಗ್, ಬಾಗಲಕೋಟೆ

ಇನ್ನು ದೂರ ಹೋಗಬೇಕಾಗಿಲ್ಲ. ಎಡ ಹೆಡ್‌ಲೈಟಿನ ಹಿಂದಿನ ತಗಡಿನ ಮೇಲೆ ಬಹಳಷ್ಟು ಗಾಡಿಗಳಲ್ಲಿ ಒಂದು ಅರ್ಥಿಂಗ್ ಬೋಲ್ಟ್ ಇರುತ್ತದೆ. ನಿಮ್ಮ ಗಾಡಿಯಲ್ಲಿ ರೇಡಿಯೇಟರ್ ಫ್ಯಾನ್ ಮತ್ತು ಎಬಿಎಸ್ ಎರಡರ ಅರ್ಥಿಂಗೂ ಅದೇ ಬೋಲ್ಟಿಗೆ ಬರುತ್ತಿರಬೇಕು ಎಂದು ನನ್ನ ಊಹೆ. ತಗಡಿಗೆ ಪೇಂಟ್ ಹೊಡೆದವರು ಬೋಲ್ಟ್ ಕೂಡುವ ಜಾಗಕ್ಕೂ ಹೊಡೆದು ಒಣಗಿದ ಮೇಲೆ ಉಂಗುರವನ್ನು ಪೇಂಟಿನ ಮೇಲೆಯೇ ಬಿಗಿದಿದ್ದರೆ, ಬೋಲ್ಟಿನ ತಿರುಪಿನ ಗೀರುಗಳ ಮೂಲಕ ಅಷ್ಟಿಷ್ಟು ವಿದ್ಯುತ್ ಹರಿಯುತ್ತಿರುತ್ತದೆ. ಎಸಿ ಹಾಕಿದಾಗ ಫ್ಯಾನ್ ಜೋರಾಗಿ ತಿರುಗುತ್ತದೆ, ಅದು 20-30 ಆಂಪಿಯರ್ ಎಳೆಯುತ್ತದೆ. ಆ ಬೋಲ್ಟಿನಲ್ಲಿ ಕೇವಲ 0.05 ಓಮ್ ತಡೆ ಇದ್ದರೂ 30 ಆಂಪಿಯರಿಗೆ ಒಂದೂವರೆ ವೋಲ್ಟ್ ಅಲ್ಲಿಯೇ ಕಳೆಯುತ್ತದೆ. ಆ ಹೊತ್ತಿನಲ್ಲಿ ಗಾಡಿ ಕುಲುಕಿ ಉಂಗುರ ಕೂದಲೆಳೆಯಷ್ಟು ಸರಿದರೆ ತಡೆ ಇನ್ನಷ್ಟು ಏರುತ್ತದೆ, ಎಬಿಎಸ್ ಘಟಕಕ್ಕೆ ಉಳಿಯುವ ವೋಲ್ಟೇಜ್ ಒಂಬತ್ತರ ಕೆಳಗೆ ಇಳಿದು ಅದು ಕಣ್ಣು ಮುಚ್ಚುತ್ತದೆ. ಬೆಳಗಿನ ತಂಪಿನಲ್ಲಿ, ಫ್ಯಾನ್ ಇಲ್ಲದಾಗ, ಅದೇ ಕೆಟ್ಟ ಬೋಲ್ಟ್ ಎಬಿಎಸ್ ಒಂದನ್ನು ಸುಖವಾಗಿ ಹೊರುತ್ತದೆ. ನಿಮ್ಮ ಏಳು ಟಿಪ್ಪಣಿಗಳು ಹೇಳುತ್ತಿರುವುದು ಇದನ್ನೇ. ಫ್ಯಾನ್ ತಿರುಗುತ್ತಿರುವಾಗ ಆ ಉಂಗುರದ ಮೇಲೆ ಅಳೆಯಿರಿ, ಮೀಟರಿನಲ್ಲಿ ಅತಿ ಹೆಚ್ಚಿನ ಓದನ್ನು ಹಿಡಿದಿಡುವ ಗುಂಡಿ ಇದ್ದರೆ ಒತ್ತಿಡಿ, ಉದ್ದನೆಯ ಮರದ ಕಡ್ಡಿಯಿಂದ ತಂತಿಯನ್ನು ಮೆಲ್ಲಗೆ ಅಲುಗಾಡಿಸಿರಿ.

ಶನಿವಾರದ ತೊಂದರೆಗೆ ಸ್ಟೀರಿಯೊ ಹಾಕಿದವರ ಕೆಲಸವನ್ನು ನೋಡಬೇಕು. ಬಾನೆಟ್ ತೆರೆದು, ಚಾಲಕನ ಬಾಗಿಲು ತೆರೆದಿಟ್ಟು, ಅದರ ಲಾಚನ್ನು ಸ್ಕ್ರೂಡ್ರೈವರಿನಿಂದ ಮುಚ್ಚಿದ ಸ್ಥಿತಿಗೆ ತಂದು, ಕೀಲಿಯನ್ನು ಗಾಡಿಯಿಂದ ದೂರ ಒಯ್ದು ಒಂದು ಗಂಟೆ ಬಿಡಿ. ಘಟಕಗಳೆಲ್ಲ ನಿದ್ದೆಗೆ ಹೋಗಲು ಅಷ್ಟು ಹೊತ್ತು ಬೇಕಾಗಬಹುದು. ಆಮೇಲೆ ಡಿಸಿ ಕ್ಲ್ಯಾಂಪ್ ಮೀಟರ್ ಸಿಕ್ಕರೆ ಋಣ ಕೇಬಲ್ ಸುತ್ತ ಹಾಕಿ ನೋಡಿರಿ. 50 ಮಿಲಿ ಆಂಪಿಯರ್ ಒಳಗೆ ಇರಬೇಕು. ಹೆಚ್ಚಿದ್ದರೆ ಫ್ಯೂಸ್ ಕೀಳಬೇಡಿ, ಕಿತ್ತು ಹಾಕಿದರೆ ಮಲಗಿದ ಘಟಕಗಳು ಏಳುತ್ತವೆ. ಪ್ರತಿ ಫ್ಯೂಸಿನ ಬೆನ್ನ ಮೇಲೆ ಕಾಣುವ ಎರಡು ಲೋಹದ ಚುಕ್ಕೆಗಳ ನಡುವೆ ಮಿಲಿ ವೋಲ್ಟ್ ಅಳೆಯಿರಿ. 10 ಆಂಪಿಯರಿನ ಚಿಕ್ಕ ಫ್ಯೂಸಿನ ತಡೆ ಸುಮಾರು 7ರಿಂದ 8 ಮಿಲಿ ಓಮ್. ಎರಡು ಮಿಲಿ ವೋಲ್ಟ್ ಕಂಡರೆ ಅದರ ಮೂಲಕ ಕಾಲು ಆಂಪಿಯರಿಗಿಂತ ಹೆಚ್ಚು ಹರಿಯುತ್ತಿದೆ. ಮೀಟರನ್ನೇ ಕೇಬಲಿನ ನಡುವೆ ಕೂಡಿಸಿ ಆಂಪಿಯರ್ ಅಳೆಯುವುದಾದರೆ, ಅದು ಕೂಡಿರುವಾಗ ಮರೆತೂ ಸೆಲ್ಫ್ ಹೊಡೆಯಬೇಡಿ.

ಎರಿಹೊಲ, ವಿಜಯಪುರ

ಕಳೆದ ರವಿವಾರ ನಮ್ಮ ಊರಿನ ಅಂಗಳದಲ್ಲಿ, ಬೇವಿನ ಮರದ ನೆರಳಿನಲ್ಲಿ ಗಾಡಿ ನಿಲ್ಲಿಸಿ ಕೆಲಸ ಮಾಡಿದೆ.

ಬ್ಯಾಟರಿಯ ಋಣ ಕಂಬದಿಂದ ಎಂಜಿನ್ನಿಗೆ 0.04 ವೋಲ್ಟ್, ಬಾಡಿಗೆ 0.06. ಎಡ ಹೆಡ್‌ಲೈಟಿನ ಹಿಂದಿನ ಉಂಗುರಕ್ಕೆ ಎಸಿ ಇಲ್ಲದೆ 0.11 ಇತ್ತು. ಎಸಿ ಹಾಕಿ ಫ್ಯಾನ್ ಜೋರಾಗಿ ತಿರುಗಿದ ಕೂಡಲೇ 1.3ಕ್ಕೆ ಏರಿತು. ಬಿದಿರಿನ ಕಡ್ಡಿಯಿಂದ ತಂತಿಯನ್ನು ಸ್ವಲ್ಪ ಒತ್ತಿದಾಗ ಮೀಟರ್ ಹಿಡಿದಿಟ್ಟ ಅತಿ ಹೆಚ್ಚಿನ ಓದು 5.2, ಅದೇ ಕ್ಷಣಕ್ಕೆ ಡ್ಯಾಶ್‌ಬೋರ್ಡಿನಲ್ಲಿ ಎಬಿಎಸ್ ದೀಪ ಹೊತ್ತಿದ್ದನ್ನು ಒಳಗೆ ಕುಳಿತಿದ್ದ ನನ್ನ ತಮ್ಮ ನೋಡಿದ. ನಾಲ್ಕು ತಿಂಗಳು ನನ್ನನ್ನು ಕಾಡಿದ ದೋಷವನ್ನು ನಾನೇ ಬೇಕೆಂದಾಗ ಬರಿಸಿ ಬೇಕೆಂದಾಗ ಕಳಿಸಬಹುದಾದ ಆ ಗಳಿಗೆಯ ಸಮಾಧಾನವನ್ನು ಹೇಗೆ ಬರೆಯಲಿ!

ಬ್ಯಾಟರಿಯ ಋಣ ಕೇಬಲ್ ತೆಗೆದು ಬೋಲ್ಟ್ ಬಿಚ್ಚಿದೆ. ಉಂಗುರದ ಕೆಳಗೆ ನುಣುಪಾದ ಬಿಳಿ ಪೇಂಟ್ ಇತ್ತು, ಅದರ ಮೇಲೆ ಉಂಗುರದ ಒಂದು ಅಂಚು ಕೂತ ಕಡೆ ಕಂದು ಬಣ್ಣದ ಸುಟ್ಟ ಕಲೆ. ಎಮರಿ ಕಾಗದದಿಂದ ಉಜ್ಜಿ ಬರಿಯ ತಗಡು ಹೊಳೆಯುವಂತೆ ಮಾಡಿದೆ, ಉಂಗುರದ ಎರಡೂ ಮುಖಗಳನ್ನು ಉಜ್ಜಿದೆ, ಹಲ್ಲಿನ ವಾಷರ್ ಹಾಕಿ ಬಿಗಿದೆ, ಬಿಗಿದ ಮೇಲೆ ಹೊರಗಿನಿಂದ ಪೆಟ್ರೋಲಿಯಂ ಜೆಲ್ಲಿ ಸವರಿದೆ. ಈಗ ಫ್ಯಾನ್ ಜೋರಾಗಿ ತಿರುಗುವಾಗಲೂ 0.05. ಕಡ್ಡಿಯಿಂದ ಎಷ್ಟು ಒತ್ತಿದರೂ ಅಂಕಿ ಕದಲುವುದಿಲ್ಲ.

ಶನಿವಾರದ ತೊಂದರೆಯೂ ಸಿಕ್ಕಿತು. ನಿದ್ದೆಗೆ ಹೋದ ಗಾಡಿ 310 ಮಿಲಿ ಆಂಪಿಯರ್ ಎಳೆಯುತ್ತಿತ್ತು. ದಿನಕ್ಕೆ 7.4 ಆಂಪಿಯರ್-ಗಂಟೆ, ಐದು ದಿನಕ್ಕೆ 37. ನನ್ನ ಬ್ಯಾಟರಿ 60 ಆಂಪಿಯರ್-ಗಂಟೆಯದ್ದು. ಹೊಸ ಬ್ಯಾಟರಿ ಮೂರೇ ವಾರಕ್ಕೆ ಸೋತದ್ದು ಏಕೆ ಎಂಬುದು ಈ ಲೆಕ್ಕ ಹಾಕಿದ ಮೇಲೆ ತಿಳಿಯಿತು. ಒಳಗಿನ ಫ್ಯೂಸ್ ಪೆಟ್ಟಿಗೆಯಲ್ಲಿ ಒಂದು 10 ಆಂಪಿಯರ್ ಫ್ಯೂಸಿನ ಮೇಲೆ 2.1 ಮಿಲಿ ವೋಲ್ಟ್ ಇತ್ತು. ಕ್ಯಾಮರಾದ ಪೆಟ್ಟಿಗೆಗೆ ಹೋಗುವ ತಂತಿಯನ್ನು ಕೀಲಿ ಹಾಕಿದಾಗ ಮಾತ್ರ ಜೀವ ಬರುವ ಸಾಲಿಗೆ ಕೂಡಿಸುವ ಬದಲು ಸದಾ ಜೀವ ಇರುವ ಆ ಸಾಲಿಗೆ ಸುತ್ತಿ ಟೇಪ್ ಹಚ್ಚಿದ್ದರು. ಅದನ್ನು ಬಿಡಿಸಿ ಸರಿಯಾದ ಸಾಲಿಗೆ ಪ್ರತ್ಯೇಕ ಫ್ಯೂಸಿನೊಂದಿಗೆ ಹಾಕಿಸಿದ್ದೇನೆ. ಈಗ 24 ಮಿಲಿ ಆಂಪಿಯರ್.

ಒಂದು ಸಂಶಯ ಉಳಿದಿದೆ. ಎಬಿಎಸ್ ಘಟಕ ಇಷ್ಟು ಸಲ ಹೀಗೆ ಹಸಿವಿನಿಂದ ಮಲಗಿ ಎದ್ದಿದೆ. ಅದಕ್ಕೆ ಒಳಗೆ ಏನಾದರೂ ಪೆಟ್ಟಾಗಿರಬಹುದೇ?

ಉದ್ಯಮಬಾಗ್, ಬೆಳಗಾವಿ

ವೋಲ್ಟೇಜ್ ಕಡಿಮೆಯಾದಾಗ ತಾನಾಗಿ ಕೆಲಸ ನಿಲ್ಲಿಸುವಂತೆಯೇ ಆ ಘಟಕವನ್ನು ರಚಿಸಿರುತ್ತಾರೆ. ಅಂಥ ಹೊತ್ತಿನಲ್ಲಿ ಎಬಿಎಸ್ ಇಲ್ಲದ ಸಾಮಾನ್ಯ ಬ್ರೇಕ್ ಉಳಿದಿರುತ್ತದೆ. ಆದ್ದರಿಂದ ಪೆಟ್ಟಾಗಿರುವ ಸಾಧ್ಯತೆ ಕಡಿಮೆ. ಆದರೂ ಊಹೆಗೆ ಬಿಡಬೇಡಿ. ಈಗ ಎಲ್ಲ ಕೋಡ್‌ಗಳನ್ನೂ ಅಳಿಸಿಸಿ, ಮಧ್ಯಾಹ್ನದ ಬಿಸಿಲಿನಲ್ಲಿ ಎಸಿ ಹಾಕಿಕೊಂಡು ಅದೇ ಉಬ್ಬುಗಳ ಮೇಲೆ ನಾಲ್ಕು ವಾರ ಓಡಾಡಿ ಮತ್ತೆ ಓದಿಸಿರಿ. ನಾಲ್ಕೂ ಚಕ್ರಗಳ ವೇಗ ಸ್ಕ್ಯಾನರಿನಲ್ಲಿ ಒಂದೇ ಸಮನಾಗಿ ಬರುತ್ತಿದೆಯೇ ಎಂಬುದನ್ನೂ ಆಗಲೇ ನೋಡಿರಿ. ಹೊಸ ಬ್ಯಾಟರಿ ಹಲವು ಸಲ ಪೂರ್ತಿ ಇಳಿದಿರುವುದರಿಂದ ಅದಕ್ಕೆ ಒಂದು ಸಲ ಹೊರಗಿನ ಚಾರ್ಜರಿನಿಂದ ರಾತ್ರಿಯಿಡೀ ನಿಧಾನವಾಗಿ ಪೂರ್ಣ ಚಾರ್ಜ್ ಕೊಡಿ, ವಾರದ ಒಂದೆರಡು ತಾಸಿನ ಓಡಾಟದಿಂದ ಅದು ತುಂಬುವುದಿಲ್ಲ.

ಎರಿಹೊಲ, ವಿಜಯಪುರ

ನಾಲ್ಕು ವಾರ ಮುಗಿದವು. ಯಾವ ಘಟಕದಲ್ಲಿಯೂ ಒಂದು ಕೋಡ್ ಇಲ್ಲ, ನಾಲ್ಕೂ ಚಕ್ರಗಳ ವೇಗ ಸಮನಾಗಿದೆ. ಶನಿವಾರ ಬೆಳಿಗ್ಗೆ ಬ್ಯಾಟರಿ 12.5 ವೋಲ್ಟ್ ತೋರಿಸಿತು, ಸೆಲ್ಫ್ ಮೊದಲ ಸಲಕ್ಕೇ ಹಿಡಿಯಿತು. ತಾಯಿಯನ್ನು ಕರೆದುಕೊಂಡು ಸೇತುವೆ ದಾಟಿ ಬಂದೆ.